ಸೆರೆಹಿಡಿದ ಪರದೆ

ಲೆಕ್ಕಪತ್ರದ ತಂತ್ರಾಂಶವೊಂದನ್ನು ಕೊಳ್ಳುವುದಾದರೆ ಮೂರು ಕಡೆಯಿಂದ ದರಪಟ್ಟಿ ತರಿಸಿ, ಸಮಿತಿ ಕೂಡಿಸಿ, ಕಡತದಲ್ಲಿ ಟಿಪ್ಪಣಿಯ ಮೇಲೆ ಟಿಪ್ಪಣಿ ಬರೆದು ತೀರ್ಮಾನಕ್ಕೆ ಬರುವ ಕಚೇರಿಗಳೇ, ಅದೇ ಲೆಕ್ಕಪತ್ರವನ್ನು ಪರದೆಯ ಮೇಲಿಂದ ಚಿತ್ರವಾಗಿ ಹಿಡಿದು ಪರರಿಗೆ ಕಳುಹಿಸುವ ಸಣ್ಣ ತಂತ್ರಾಂಶದ ವಿಷಯ ಬಂದಾಗ, ಯಾರ ಕೈಗೆ ಯಾವುದು ಸಿಕ್ಕಿತೋ ಅದನ್ನೇ ಹಾಕಿಕೊಳ್ಳಲೆಂದು ಸುಮ್ಮನಾಗುತ್ತವೆ. ವಸ್ತು ಸಣ್ಣದು, ಬಹುಪಾಲು ಉಚಿತವಾದದ್ದು, ಕೆಲಸವೋ ಕ್ಷಣಾರ್ಧದ್ದು, ಔದಾಸೀನ್ಯ ಸಹಜವೇ. ಆದರೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಬಂದ ದೋಷಸಂದೇಶವನ್ನು ಸಹಾಯಕೇಂದ್ರಕ್ಕೆ ತೋರಿಸಲೆಂದು ಗುಮಾಸ್ತನೊಬ್ಬನು ಹಿಡಿದ ಸ್ಕ್ರೀನ್‌ಶಾಟಿನಲ್ಲಿ ಆ ಒಂದು ಸಾಲಿನ ಜೊತೆಗೆ ಗಿರಾಕಿಯ ಪ್ಯಾನ್ ಸಂಖ್ಯೆ, ಬ್ಯಾಂಕಿನ ಖಾತೆ, ಹಿಂದಿನ ಕಿಟಕಿಯಲ್ಲಿ ಅರ್ಧ ಕಾಣುವ ಸಂಬಳದ ಪಟ್ಟಿ ಇವೆಲ್ಲವೂ ಅಚ್ಚಾಗಿ ಹೋಗುತ್ತವೆಯೆಂಬುದನ್ನು ನೆನೆದರೆ, ಈ ಆಯ್ಕೆಯನ್ನು ಅದೃಷ್ಟಕ್ಕೆ ಬಿಡುವುದು ತಕ್ಕುದಲ್ಲವೆಂದು ತೋರುತ್ತದೆ. ಪರದೆಯನ್ನು ಚೆನ್ನಾಗಿ ಹಿಡಿಯುವುದು ಇಂದು ಯಾವ ತಂತ್ರಾಂಶಕ್ಕೂ ದೊಡ್ಡ ಮಾತಾಗಿ ಉಳಿದಿಲ್ಲ. ಹಿಡಿದ ಚಿತ್ರ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಮರೆಮಾಡಿದ್ದು ನಿಜವಾಗಿಯೂ ಮರೆಯಾಯಿತೇ ಎಂಬುದರಿಂದಲೇ ಇವುಗಳ ಯೋಗ್ಯತೆಯನ್ನು ಅಳೆಯತಕ್ಕದ್ದು.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಕೀಲಿಮಣೆಯಲ್ಲಿಯೇ ಪರದೆಯನ್ನು ಮುದ್ರಿಸುವ ಕೀಲಿಯೊಂದು ಇದ್ದಿತು. ಪರದೆಯ ಮೇಲಿನ ಅಕ್ಷರಗಳು ಅದರ ಅಪ್ಪಣೆಯಂತೆ ನೇರವಾಗಿ ಮುದ್ರಕಕ್ಕೆ ಹೋಗಿ ಕಾಗದದ ಮೇಲೆ ಮೂಡುತ್ತಿದ್ದವು. ಆ ಕಾಗದ ಅದೇ ಕೋಣೆಯಲ್ಲಿ ಬೀಳುತ್ತಿತ್ತು. ಹೊರಗೆ ಹೋಗಬೇಕಾದರೆ ಯಾರಾದರೂ ಕೈಯಲ್ಲಿ ಹಿಡಿದು ಬಾಗಿಲು ದಾಟಬೇಕಾಗಿತ್ತು. ವಿಂಡೋಸಿನ ಕಾಲಕ್ಕೆ ಅದೇ ಪ್ರಿಂಟ್ ಸ್ಕ್ರೀನ್ ಕೀಲಿಯು ಮುದ್ರಕವನ್ನು ಬಿಟ್ಟು ಕ್ಲಿಪ್‌ಬೋರ್ಡನ್ನು ಆಶ್ರಯಿಸಿದ್ದರಿಂದ, ಚಿತ್ರವನ್ನು ಪೇಂಟಿಗೋ ವರ್ಡಿಗೋ ಅಂಟಿಸಿ ಕಳುಹಿಸುವ ರೂಢಿ ಬಂದಿತು. ಇಂದಿಗೂ ಅನೇಕರ ವಿದ್ಯೆ ಇಷ್ಟೇ. ಬೇಡವಾದುದನ್ನೆಲ್ಲ ಸೇರಿಸಿ ಇಡೀ ಪರದೆಯನ್ನೇ ಹಿಡಿಯುವುದು ಈ ರೂಢಿಯ ದೊಡ್ಡ ದೋಷ.

ವಿಂಡೋಸ್ ವಿಸ್ಟಾದೊಂದಿಗೆ ಸಾಮಾನ್ಯ ಬಳಕೆದಾರರ ಕೈಸೇರಿದ ಸ್ನಿಪ್ಪಿಂಗ್ ಟೂಲ್, ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಳ್ಳುವ ಅನುಕೂಲವನ್ನು ಒದಗಿಸಿ ಆ ದೋಷವನ್ನು ಬಹುಮಟ್ಟಿಗೆ ಪರಿಹರಿಸಿತು. ವಿಂಡೋಸ್, ಶಿಫ್ಟ್, ಎಸ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಹಣ ಕೊಡಬೇಕಾಗಿಲ್ಲ, ಬೇರೆಯಾಗಿ ಅಳವಡಿಸಬೇಕಾಗಿಲ್ಲ. ನೂರರಲ್ಲಿ ತೊಂಬತ್ತು ಮಂದಿಗೆ ಇದಕ್ಕಿಂತ ಹೆಚ್ಚಿನದು ಬೇಡವೆಂಬುದೇ ನನ್ನ ಅಭಿಪ್ರಾಯ. ಆದರೂ ಇದರ ಚರಿತ್ರೆ ನಿಷ್ಕಳಂಕವಲ್ಲ. 2023ರ ಮಾರ್ಚಿನಲ್ಲಿ ಬೆಳಕಿಗೆ ಬಂದ ದೋಷವೊಂದು, ಮೊದಲು ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ, ಒಡನೆಯೇ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲಿಯೂ ವಿಂಡೋಸ್ 10ರ ಸ್ನಿಪ್ ಅಂಡ್ ಸ್ಕೆಚ್ಚಿನಲ್ಲಿಯೂ ಕಾಣಿಸಿಕೊಂಡಿತು. ಉಳಿಸಿದ ಚಿತ್ರವೊಂದನ್ನು ಮತ್ತೆ ತೆರೆದು, ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದಾಗ, ಚಿಕ್ಕದಾದ ಹೊಸ ಚಿತ್ರವು ಫೈಲಿನ ಆರಂಭದಲ್ಲಿ ಬರೆಯಲ್ಪಡುತ್ತಿತ್ತು. ಹಳೆಯ ಚಿತ್ರದ ಬಾಲವಾದರೋ ಅದರ ಹಿಂದೆ ಹಾಗೆಯೇ ಉಳಿದುಬಿಡುತ್ತಿತ್ತು. ಚಿತ್ರ ಇಲ್ಲಿಗೆ ಮುಗಿಯಿತೆಂಬ ಗುರುತನ್ನು ಕಂಡೊಡನೆ ಓದುವ ತಂತ್ರಾಂಶಗಳೆಲ್ಲ ನಿಂತುಬಿಡುವುದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಬಲ್ಲವರು ಮಾತ್ರ ಆ ಬಾಲದಿಂದ, ಕತ್ತರಿಸಿ ತೆಗೆದೆವೆಂದು ನಾವು ನಂಬಿದ್ದ ಭಾಗವನ್ನು ಪುನಃ ಕಟ್ಟಬಲ್ಲವರಾದರು. ಮೈಕ್ರೋಸಾಫ್ಟ್ ತಿದ್ದುಪಡಿಯನ್ನು ಬೇಗನೆ ಹೊರಡಿಸಿತೆಂಬುದು ನಿಜ. ಆದರೆ ಅದಕ್ಕೆ ಹಿಂದೆ ಉಳಿಸಿ ಹಂಚಿದ ಚಿತ್ರಗಳನ್ನು ಯಾವ ತಿದ್ದುಪಡಿಯೂ ಮುಟ್ಟಲಾರದು. ಇನ್ನೊಂದು ಸಂಗತಿಯೂ ಉಂಟು. ವಿಂಡೋಸ್ 11ರಲ್ಲಿ ಹಿಡಿದ ಚಿತ್ರಗಳು ನಾವು ಕೇಳದೆಯೇ ಸ್ಕ್ರೀನ್‌ಶಾಟ್ಸ್ ಎಂಬ ಫೋಲ್ಡರಿಗೆ ಹೋಗಿ ಸೇರುತ್ತವೆ; ಆ ಫೋಲ್ಡರು ಒನ್‌ಡ್ರೈವಿಗೆ ಜೋಡಣೆಯಾಗಿದ್ದರೆ ಅಲ್ಲಿಗೂ ಒಂದು ಪ್ರತಿ ಸಲ್ಲುತ್ತದೆ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಮೊದಲ ದಿನವೇ ತೀರ್ಮಾನಿಸಬೇಕಾದ ವಿಷಯವಿದು.

ಮರೆಮಾಡುವ ಕ್ರಮದ ಬಗೆಗೂ ಒಂದು ಮಾತು. ಹೆಸರುಗಳನ್ನೂ ಸಂಖ್ಯೆಗಳನ್ನೂ ಮಸುಕುಗೊಳಿಸುವ ಇಲ್ಲವೇ ಚೌಕಚೌಕವಾಗಿ ಒಡೆಯುವ ಸೌಕರ್ಯವನ್ನು ಹೆಚ್ಚಿನ ತಂತ್ರಾಂಶಗಳು ಹೆಮ್ಮೆಯಿಂದ ತೋರಿಸಿಕೊಳ್ಳುತ್ತವೆ. ನೋಡುವುದಕ್ಕೆ ಸಭ್ಯವಾಗಿರುವ ಈ ಉಪಾಯವನ್ನು ನಾನು ಮೆಚ್ಚಲಾರೆ. ತಿಳಿದ ಅಕ್ಷರಶೈಲಿಯ ಅಕ್ಷರಗಳನ್ನು ಒಂದೊಂದಾಗಿ ಅದೇ ರೀತಿ ಒಡೆದು ನೋಡಿ, ಹೊಂದುವುದನ್ನು ಆರಿಸುತ್ತ ಹೋದರೆ ಮೂಲವನ್ನು ಊಹಿಸಬಹುದೆಂಬುದನ್ನು ಡೆಪಿಕ್ಸ್, ಅನ್‌ರಿಡ್ಯಾಕ್ಟರ್ ಎಂಬ ಸಲಕರಣೆಗಳು ತೋರಿಸಿಕೊಟ್ಟಿವೆ. ಹತ್ತೇ ಬಗೆಯ ಅಂಕಿಗಳಿಂದ ಕೂಡಿಬರುವ ಖಾತೆಸಂಖ್ಯೆಗೆ ಇಂಥ ಮಸುಕು ಏನು ರಕ್ಷೆ ಕೊಟ್ಟೀತು? ಕಪ್ಪು ಬಣ್ಣದ ಗಟ್ಟಿ ಚೌಕವನ್ನು ಮೇಲೆ ಹಾಕಿ, ಪದರಗಳೆಲ್ಲ ಒಂದಾದ ಸಾಮಾನ್ಯ ಚಿತ್ರವಾಗಿ ಉಳಿಸುವುದೊಂದೇ ನಂಬತಕ್ಕ ಮಾರ್ಗ. ನೋಟಕ್ಕೆ ಒರಟಾದರೂ ಚಿಂತೆಯಿಲ್ಲ.

ಇನ್ನು ಚಿತ್ರವನ್ನು ತಾವಾಗಿಯೇ ಅಂತರ್ಜಾಲಕ್ಕೆ ಏರಿಸಿ ಕೊಂಡಿಯೊಂದನ್ನು ಕೈಗೆ ಕೊಡುವ ಜಾತಿಯವು. ಲೈಟ್‌ಶಾಟ್ ಇವುಗಳಲ್ಲಿ ಜನಪ್ರಿಯವಾದದ್ದು. ಹಗುರ, ಚುರುಕು, ಕಲಿಯಲು ಸುಲಭ. ಆದರೆ ಅದು ಏರಿಸುತ್ತಿದ್ದ ಚಿತ್ರಗಳ ವಿಳಾಸವು ಬಹುಕಾಲ ಆರೇ ಅಕ್ಷರಗಳಷ್ಟು ಗಿಡ್ಡವಾಗಿದ್ದುದರಿಂದ, ತೋಚಿದ ಅಕ್ಷರಗಳನ್ನು ಜೋಡಿಸುತ್ತ ಹೋದರೆ ಅಪರಿಚಿತರ ಪರದೆಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತಿದ್ದವು. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟು ಹೋದಂತೆ. ಗೆಳೆಯರಿಗೆ ಆಟದ ಅಂಕ ತೋರಿಸುವುದಕ್ಕೆ ಸಾಕು, ಕಚೇರಿಗೆ ಸಲ್ಲದು.

ಶೇರ್‌ಎಕ್ಸ್ ವಿಷಯದಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಉಚಿತ, ಮುಕ್ತ ಆಕರದ್ದು. ಉದ್ದವಾದ ಪುಟವನ್ನು ಜಾರಿಸುತ್ತ ಹಿಡಿಯುವುದರಿಂದ ಮೊದಲುಗೊಂಡು ಅದು ಮಾಡಲಾರದ್ದು ವಿರಳ. ಈ ಸಮೃದ್ಧಿಯೇ ಅದರ ತೊಡಕು: ಆಯ್ಕೆಗಳ ಅರಣ್ಯದಲ್ಲಿ, ಹಿಡಿದ ಚಿತ್ರವನ್ನು ಹತ್ತಾರು ಸೇವೆಗಳಿಗೆ ಏರಿಸುವ ದಾರಿಗಳು ಒಂದೇ ಒತ್ತಿನ ದೂರದಲ್ಲಿವೆ. ಏರಿಸುವುದನ್ನು ಇಡೀ ಕಂಪ್ಯೂಟರಿಗೇ ಅನ್ವಯಿಸುವಂತೆ ನಿಷೇಧಿಸುವ ಗುಂಡಿಯೊಂದನ್ನು ಅದರ ಕರ್ತೃಗಳು ವಿಂಡೋಸ್ ರಿಜಿಸ್ಟ್ರಿಯಲ್ಲಿ ಇರಿಸಿಕೊಟ್ಟಿರುವುದು ಶ್ಲಾಘ್ಯ. ಅದನ್ನು ಒತ್ತದೆ ಕಚೇರಿಯೊಳಕ್ಕೆ ಇದನ್ನು ಬಿಡಕೂಡದು.

ಗ್ರೀನ್‌ಶಾಟಿನ ಸ್ವಭಾವ ಇದಕ್ಕಿಂತ ಮಿತವಾದದ್ದು. ಹಿಡಿ, ಬಾಣದ ಗುರುತು ಹಾಕು, ಹಂತಗಳಿಗೆ ಸಂಖ್ಯೆ ಕೊಡು, ಔಟ್‌ಲುಕ್ಕಿಗೋ ಮುದ್ರಕಕ್ಕೋ ಕಳುಹಿಸು. ಅದರ ಸಂಸಾರ ಇಷ್ಟರಲ್ಲಿ ಮುಗಿಯುತ್ತದೆ. ಯಾವ ಬಳಕೆದಾರನೂ ಬದಲಿಸಲಾಗದಂತೆ ಆಯ್ಕೆಗಳನ್ನು ಭದ್ರಪಡಿಸುವ ಪ್ರತ್ಯೇಕ ಫೈಲನ್ನು ಅದು ನಿರ್ವಾಹಕರ ಕೈಗೆ ಕೊಟ್ಟಿದೆ. ಕಚೇರಿಯ ಬಾಳನ್ನು ಬಲ್ಲವರು ಮಾಡಿದ ಕೆಲಸವೆಂದು ಇದರಿಂದಲೇ ತಿಳಿಯುತ್ತದೆ. ದೂರಬೇಕಾದುದೂ ಇಲ್ಲದಿಲ್ಲ. 2017ರ ಬಳಿಕ ಬಹುಕಾಲ ಅದರ ಹೊಸ ಸ್ಥಿರ ಆವೃತ್ತಿ ಹೊರಬೀಳಲೇ ಇಲ್ಲ. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಕುಳಿತಿರುವ ಕಚೇರಿಗಳು ಮೊದಲು ಅದನ್ನು ತೆಗೆದುಹಾಕುವುದು ಒಳಿತು. ಅಂದಹಾಗೆ, ಚಿತ್ರದ ಮೇಲೆ ಬರೆಯಲು ಬಿಡುವ ಇಂಥ ತಂತ್ರಾಂಶಗಳನ್ನು ಆರಿಸುವ ಮುನ್ನ ಕನ್ನಡದಲ್ಲಿ ಎರಡು ಸಾಲು ಬರೆದು, ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕುಳಿತವೇ ಎಂದು ನೋಡಿಕೊಳ್ಳಬೇಕು; ವಿದೇಶೀ ವಿಮರ್ಶಕರ ಪಟ್ಟಿಗಳಲ್ಲಿ ಈ ಪರೀಕ್ಷೆ ಇರುವುದಿಲ್ಲ.

ಮ್ಯಾಕ್ ಇರುವವರಿಗೆ 2018ರ ಮೊಹಾವೆಯಿಂದೀಚೆಗೆ ಕಮಾಂಡ್, ಶಿಫ್ಟ್, 5 ಸಾಕಾಗುತ್ತದೆ. ಲಿನಕ್ಸಿನವರಿಗೆ ಫ್ಲೇಮ್‌ಶಾಟ್ ಉಂಟು.

ಸ್ನ್ಯಾಗಿಟ್ ಈ ಗುಂಪಿನಲ್ಲಿ ಹಿರಿಯದು, ಬೆಲೆಯುಳ್ಳದ್ದು. ಅಮೆರಿಕದ ಮಿಷಿಗನ್ ರಾಜ್ಯದ ಟೆಕ್‌ಸ್ಮಿತ್ ಸಂಸ್ಥೆ 1990ರಿಂದ ಇದನ್ನು ಬೆಳೆಸಿಕೊಂಡು ಬಂದಿದೆ. ಜಾರುವ ಪುಟ, ಚಲಿಸುವ ಪರದೆ, ಹಂತಹಂತದ ವಿವರಣೆ ಇವುಗಳಲ್ಲಿ ಅದರ ಕುಸುರಿಗೆ ಉಚಿತವಾದ ಯಾವುದೂ ಸಾಟಿಯಲ್ಲ. ಒಮ್ಮೆ ಕೊಂಡರೆ ಬಾಳಿಕೆಗೆ ಬರುತ್ತಿದ್ದ ಅದು 2025ರ ಆವೃತ್ತಿಯಿಂದ ವಾರ್ಷಿಕ ಚಂದಾಕ್ಕೆ ತಿರುಗಿರುವುದರಿಂದ, ಎಲ್ಲ ಮೇಜುಗಳಿಗೂ ಹಂಚುವುದು ಬರಿಯ ದುಂದು. ಸಿಬ್ಬಂದಿಗೆ ಕೈಪಿಡಿಗಳನ್ನು ಬರೆಯುವುದೇ ಉದ್ಯೋಗವಾಗಿರುವ ಒಬ್ಬಿಬ್ಬರು ಕಚೇರಿಯಲ್ಲಿದ್ದರೆ ಅವರಿಗೆ ಕೊಡಿಸಬೇಕು, ಜಿಪುಣತನ ಮಾಡದೆ.