ಆರ್ವೆಲ್ ಕಂಡ ಪಬ್ಬು

ಜಾರ್ಜ್ ಆರ್ವೆಲ್ 1946ರ ಫೆಬ್ರವರಿಯಲ್ಲಿ ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಗೆ ಬರೆದ 'ದ ಮೂನ್ ಅಂಡರ್ ವಾಟರ್' ಪುಟ್ಟ ಪ್ರಬಂಧ. ತಂಬಾಕಿನ ಹೊಗೆಗೆ ಹಳದಿಯಾದ ಚಾವಣಿ, ಹಿಂದಿನ ತೋಟ, ಪೀಪಾಯಿಯ ಸ್ಟೌಟು, ಹಿಡಿಯುಳ್ಳ ಮಗ್ಗು ಎಂದು ಮೆಚ್ಚಿನ ಪಬ್ಬನ್ನು ಬಣ್ಣಿಸುತ್ತ ಹೋಗಿ, ಅಂಥ ಪಬ್ಬೇ ಇಲ್ಲವೆನ್ನುತ್ತಾನೆ! ಹತ್ತು ಗುಣಗಳಲ್ಲಿ ಎಂಟುಳ್ಳದ್ದೊಂದನ್ನು ಮಾತ್ರ ಬಲ್ಲನಂತೆ.

ಈ ತಿರುವು ಸೊಗಸೇ. ಆದರೆ ನನ್ನ ತಕರಾರು ಬೇರೆ. ಅಲ್ಲಿ ರೇಡಿಯೋ ಇಲ್ಲ, ಪಿಯಾನೋ ಇಲ್ಲ. ದಿನವೂ ಅದೇ ಕುರ್ಚಿ ಹಿಡಿಯುವವರು ಬಿಯರಿನಷ್ಟೇ ಹರಟೆಗಾಗಿಯೂ ಬರುತ್ತಾರೆ ಎಂದು ಆತನೇ ಹೇಳುತ್ತಾನೆ. ಆ ಹರಟೆಯ ಒಂದು ಮಾತೂ ನಮ್ಮ ಕಿವಿಗೆ ಬೀಳುವುದಿಲ್ಲ. ಪರಿಚಾರಿಕೆಯರಿಗೆ ಹೆಚ್ಚಿನ ಗಿರಾಕಿಗಳ ಹೆಸರು ಗೊತ್ತು, ಓದುಗನಿಗೆ ಒಂದೂ ತಿಳಿಯದು. ಮಗ್ಗಿನ ಬಣ್ಣಕ್ಕೆ ಕೊಟ್ಟ ಜಾಗವನ್ನು ಒಬ್ಬ ಗೆಳೆಯನಿಗೂ ಕೊಡಬಹುದಿತ್ತು.

ಪೀಪಾಯಿಯೊಳಗೇ ಯೀಸ್ಟ್ ಜೀವಂತವಾಗಿದ್ದು ಹುದುಗುವ 'ರಿಯಲ್ ಏಲ್' ಉಳಿಸಲು 1971ರಲ್ಲಿ 'ಕ್ಯಾಮ್ರಾ' ಚಳವಳಿ ಹುಟ್ಟಿತು. (ಹೊರಗಿನಿಂದ ಅನಿಲ ತುಂಬಿದ ಬಿಯರಿಗೆ ಆ ಜೀವವಿಲ್ಲ, ವಿಜ್ಞಾನ ಓದಿದವರಿಗೆ ಇದು ರುಚಿಸೀತು.) ಪ್ರಬಂಧದ ಹೆಸರನ್ನೋ ವೆದರ್‌ಸ್ಪೂನ್ ಸಂಸ್ಥೆ ಹಲವು ಪಬ್ಬುಗಳಿಗಿಟ್ಟಿತು. ಆ ಸಂಸ್ಥೆಯ ಬಹುಪಾಲು ಪಬ್ಬುಗಳಲ್ಲಿ ಸಂಗೀತ ಹಾಕುವುದಿಲ್ಲ. ಅಲ್ಲಿ ಯಾರೋ ಆರ್ವೆಲ್ಲನನ್ನು ಗಮನವಿಟ್ಟು ಓದಿದ್ದಾರೆ.