ಕರಗಿ ಒಂದಾಗುವ ಉಕ್ಕು

ಯಶವಂತಪುರ ದಾಟುವ ರೈಲಿನಲ್ಲಿ ಹಿಂದಿನ ‘ಕಟಕಟ’ ಸದ್ದು ಈಗ ಅಷ್ಟಿಲ್ಲ. ಹಳಿಗಳ ಸಂದು ಬೆಸೆದುಹೋಗಿದೆ. ಅಲ್ಯೂಮಿನಿಯಂ ಪುಡಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ಹೊತ್ತಿಸಿದರೆ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಕಾವು. ಕರಗಿದ ಉಕ್ಕು ಅಚ್ಚಿಗಿಳಿದು ಎರಡು ಹಳಿಗಳನ್ನು ಒಂದಾಗಿಸುತ್ತದೆ.

ಪಕ್ಕದ ಪೀಣ್ಯದ ಶೆಡ್ಡುಗಳಲ್ಲಿ ಕೈಯದೇ ಕಾರುಬಾರು. ಕಪ್ಪು ಗಾಜಿನ ಹಿಂದಿನಿಂದ ವೆಲ್ಡರ್ ನೋಡುವುದು ಕಿಡಿಯನ್ನಲ್ಲ, ಕರಗಿದ ಲೋಹದ ಪುಟ್ಟ ಮಡುವನ್ನು. ರಾಡು ಹಿಡಿದ ಕೈ ಕೊಂಚ ತಡೆದರೆ ತಗಡು ತೂತು. ಅವಸರಪಟ್ಟರೆ ಬೆಸುಗೆ ಟೊಳ್ಳು. ಈ ಹದ ಅಕ್ಕಸಾಲಿಗನ ಹದಕ್ಕೇನೂ ಕಡಿಮೆಯಲ್ಲ.

ಐಟಿಐಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷ. ಎಂಟನೇ ತರಗತಿ ಪಾಸಾದವರಿಗೂ ಬಾಗಿಲು ತೆರೆದಿದೆ.

ಜಾಗತಿಕ ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲೂ ವೆಲ್ಡಿಂಗ್‌ಗೆ ಪದಕವಿದೆ. ಅಲ್ಲಿ ಬೆಸೆದ ಪಾತ್ರೆಗೆ ನೀರು ತುಂಬಿ ಒತ್ತಡ ಹಾಕುತ್ತಾರೆ. ಒಂದು ಹನಿಯೂ ಸೋರಬಾರದು.