ತಾಸೆಯ ಪೆಟ್ಟಿಗೆ ಪ್ಯಾಕ್ ಇಲ್ಲ

2018ರ ಡಿಸೆಂಬರ್ 1ರಂದು ‘ಗಿಟಾರ್ ಹೀರೋ ಲೈವ್’ ಆಟದ ಆನ್‌ಲೈನ್ ವಾಹಿನಿ ಮುಚ್ಚಿತು. ಉಳಿದದ್ದು ಡಿಸ್ಕ್‌ನಲ್ಲಿದ್ದ 42 ಹಾಡು ಮಾತ್ರ; ನೂರಾರು ಹಾಡು ಮಾಯ. ದುಡ್ಡು ಕೊಟ್ಟು ಆಟ ಕೊಂಡವರೂ ಏನೂ ಮಾಡುವಂತಿರಲಿಲ್ಲ. ಹಾಡಿನ ತಾಳಕ್ಕೆ ಸರಿಯಾಗಿ ಬಡಿಯುವ ಇಂಥ ರಿದಂ ಗೇಮ್‌ನಲ್ಲಿ ಕಂಪನಿಯ ಸಾಂಗ್ ಪ್ಯಾಕ್ ಮೇಲೋ, ಯಾವ ಪೆಟ್ಟು ಎಲ್ಲಿ ಬೀಳಬೇಕೆಂದು ಆಟಗಾರರೇ ಗುರುತಿಸಿ ಪುಕ್ಕಟೆ ಕಟ್ಟಿಕೊಡುವ ಮ್ಯಾಪ್ ಮೇಲೋ ಎಂಬ ಚರ್ಚೆ ಎದ್ದಾಗಲೆಲ್ಲ ಆ ದಿನ ನೆನಪಾಗಬೇಕು.

ಪ್ಯಾಕ್‌ಗೆ ಕೊಟ್ಟ ದುಡ್ಡು ದಂಡವೇನಲ್ಲ. ‘ಬೀಟ್ ಸೇಬರ್’ 2020ರಲ್ಲಿ ತಂದ ಲಿಂಕಿನ್ ಪಾರ್ಕ್, ಬಿಟಿಎಸ್ ಪ್ಯಾಕ್‌ಗಳಲ್ಲಿ ಹಾಡಿನ ಹಕ್ಕಿಗೆ ಬೆಲೆ ಸಂದಿದೆ; ಆಟ ಅಪ್‌ಡೇಟ್ ಆದರೂ ಅವು ಕೈಕೊಡುವುದಿಲ್ಲ. ಪುಕ್ಕಟೆ ಮ್ಯಾಪ್‌ಗಾಗಿ ಆಟಕ್ಕೆ ಮಾಡ್ ಹಾಕಿಕೊಂಡವರಿಗೆ ಆ ನೆಮ್ಮದಿ ಇಲ್ಲ. ಆದರೆ ಕನ್ನಡದ್ದೋ ತುಳುವಿನದ್ದೋ ಪ್ಯಾಕ್ ಹುಡುಕಿದರೆ ಸಿಗದು.

ನವರಾತ್ರಿಯಲ್ಲಿ ಮಂಗಳೂರಿನ ಮಣ್ಣಗುಡ್ಡದ ರಸ್ತೆಗೆ ಹುಲಿವೇಷ ಬಂದಾಗ ತಾಸೆ ಎಂಬ ಚರ್ಮವಾದ್ಯ ಬಾರಿಸುವವರ ಕೈಯನ್ನು ಗಮನಿಸಬೇಕು. ಹುಲಿ ಲಾಗ ಹಾಕಲು ಸಜ್ಜಾದಂತೆ ಗತಿ ಏರುತ್ತದೆ. ಇದನ್ನು ಆಟಕ್ಕೆ ಇಳಿಸುವುದು ಹೇಗೆ? ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ ಉಚಿತ ಆಟ ‘ಓಸು’ವಿನಲ್ಲಿ ಮ್ಯಾಪ್ ಕಟ್ಟುವ ಎಡಿಟರ್ ಒಳಗೇ ಇದೆ. ಮೊದಲು ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬುದನ್ನು ಹಿಡಿಯಬೇಕು. ಆಮೇಲೆ ಮೊದಲ ಪೆಟ್ಟು ಬೀಳುವ ಜಾಗ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ಒಂದೇ ಗತಿಯ ಕ್ಲಿಕ್ ಟ್ರ್ಯಾಕ್‌ಗೆ ನುಡಿಸಿದ ಸಿನಿಮಾ ಹಾಡಿಗೆ ಇಷ್ಟು ಸಾಕು. ತಾಸೆಗೆ ಸಾಲದು. ಗತಿ ಬದಲಾದಲ್ಲೆಲ್ಲ ಹೊಸ ಟೈಮಿಂಗ್ ಪಾಯಿಂಟ್ ಇಡಬೇಕು, ಕಾಲುಭಾಗ ವೇಗಕ್ಕೆ ಇಳಿಸಿ ಮತ್ತೆ ಮತ್ತೆ ಕೇಳಬೇಕು. ನಿಖರತೆಯ ಮಟ್ಟ 8 ಇದ್ದರೆ ಪೂರ್ತಿ ಅಂಕಕ್ಕೆ ಸಿಗುವ ಅವಕಾಶ ಆಚೀಚೆ ಸುಮಾರು 32 ಮಿಲಿಸೆಕೆಂಡು. ಮ್ಯಾಪ್ ಕಟ್ಟಿದವರೇ 20 ತಪ್ಪಿದರೆ ತಾಳಕ್ಕಿಂತ ತುಸುವೇ ಆಚೀಚೆ ಬಡಿದವರಿಗೂ ಅಂಕ ಹೋಗಬಹುದು. ಇಷ್ಟು ತಾಳ್ಮೆ ಬರುವುದು ಆ ಪೆಟ್ಟನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೇ.

ಪುಕ್ಕಟೆಯದ್ದೆಲ್ಲ ಚೆನ್ನ ಎಂದೇನಲ್ಲ. ಎಷ್ಟೋ ಮ್ಯಾಪ್‌ಗಳು ಕೈಗೆ ಕೂಡುವುದೇ ಇಲ್ಲ. ಅದಕ್ಕೇ ಓಸುವಿನಲ್ಲಿ ಉಳಿದ ಮ್ಯಾಪರ್‌ಗಳು ತಿದ್ದಿ, ನಾಮಿನೇಟರ್‌ಗಳು ಒಪ್ಪಿದ ಮೇಲಷ್ಟೇ ‘ರ‍್ಯಾಂಕ್ಡ್’ ಪಟ್ಟ.

ಹಕ್ಕಿನ ವಿಷಯ ಮಾತ್ರ ಗಂಭೀರ. ಸಂಗೀತಗಾರರನ್ನು ಕೇಳದೆ ಹಾಡು ಸೇರಿಸಿದ ಮ್ಯಾಪ್‌ಗಳು ಬೇಕಾದಷ್ಟಿವೆ, ಅದು ಅನ್ಯಾಯವೇ. ದಾರಿಯೂ ಇದೆ: ಓಸುವಿನ ‘ಫೀಚರ್ಡ್ ಆರ್ಟಿಸ್ಟ್’ ಪಟ್ಟಿಯ ಸಂಗೀತಗಾರರು ತಮ್ಮ ಹಾಡುಗಳನ್ನು ಮ್ಯಾಪ್‌ಗೆ ಬಳಸಲು ಒಪ್ಪಿಗೆ ಕೊಟ್ಟಿದ್ದಾರೆ. ಮಂಗಳೂರಿನ ಒಂದು ಹುಲಿವೇಷ ತಂಡ ತನ್ನ ತಾಸೆ, ಡೋಲಿನ ಐದು ನಿಮಿಷದ ರೆಕಾರ್ಡಿಂಗಿಗೆ ಅಂಥ ಒಪ್ಪಿಗೆ ಬರೆದುಕೊಡಲಿ. ಕಟ್ಟುವ ಹುಡುಗರು ಮಣ್ಣಗುಡ್ಡದಲ್ಲೇ ಸಿಗುತ್ತಾರೆ.